ಬಿಟ್ಟು ಬಂದ ಐದು ಪ್ರಶ್ನೆಗಳು

ಸಂಜೆ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುವವರಿಗೆ ನಲವತ್ತೈದು ತುಂಬಿರಬಾರದು ಎಂಬ ನಿಯಮವಿತ್ತು. ಸಿಸ್ಟರ್‌ಗೆ ಪರೀಕ್ಷೆಯ ಮುಂದಿನ ತಿಂಗಳೇ ನಲವತ್ತೈದು ತುಂಬಲಿತ್ತು. ಹಾಗಾಗಿ ಇದು ಮೊದಲ ಪ್ರಯತ್ನವೂ ಹೌದು, ಕೊನೆಯದೂ ಹೌದು.

ಆಕೆ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಿರಿಯ ನರ್ಸ್. ಆಸ್ಪತ್ರೆಯಲ್ಲಿ ಸಿಸ್ಟರ್, ಬೀದಿಯಲ್ಲಿ ಸಿಸ್ಟರ್, ಗಂಡನ ಸಲೂನಿಗೆ ಬರುವ ಗಿರಾಕಿಗಳಿಗೂ ಸಿಸ್ಟರ್. ಗಂಡ ಮಾತ್ರ ‘ಲೇ’ ಅನ್ನುತ್ತಿದ್ದ, ಅದೂ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ.

ಈ ವಯಸ್ಸಿನಲ್ಲಿ ಕಾನೂನು ಓದುವ ಹುಚ್ಚು ಯಾಕೆ ಹತ್ತಿತು ಎಂದು ಕೇಳಿದವರಿಗೆ ಆಕೆ ಸುಮ್ಮನೆ ಓದಬೇಕು ಅನ್ನಿಸಿತು ಎನ್ನುತ್ತಿದ್ದಳು. ಮನೆಯವರಿಗೆ ನಿಜ ಗೊತ್ತಿತ್ತು. ಮೂರು ವರ್ಷದ ಹಿಂದೆ ಹಳೆಯ ಮಾರುಕಟ್ಟೆಯ ಛಾವಣಿ ಕುಸಿದಿತ್ತು. ಆಸ್ಪತ್ರೆಯಿಂದ ಒಬ್ಬ ವೈದ್ಯರು, ನಾಲ್ವರು ನರ್ಸ್‌ಗಳು ಸ್ಥಳಕ್ಕೆ ಹೋಗಿದ್ದರು. ಗಾಯಗೊಂಡವರು ನಲವತ್ತಕ್ಕೂ ಹೆಚ್ಚು. ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಎಂದು ವಿಂಗಡಿಸಿ ಬಣ್ಣದ ಚೀಟಿ ಕಟ್ಟುತ್ತಾ ಹೋಗುವ ಕೆಲಸ ಸಿಸ್ಟರ್ ಪಾಲಿಗೆ ಬಂದಿತ್ತು. ಒಬ್ಬ ಮನುಷ್ಯನಿಗೆ ಆಕೆ ಕಪ್ಪು ಚೀಟಿ ಕಟ್ಟಿ ಮುಂದೆ ಹೋಗಿದ್ದಳು. ಆ ಬಣ್ಣದ ಅರ್ಥ, ಇವನನ್ನು ಉಳಿಸುವುದು ಸಾಧ್ಯವಿಲ್ಲ.

ಆಮೇಲೆ ವಿಚಾರಣೆ ನಡೆಯಿತು. ಸಾವಿಗೆ ಛಾವಣಿ ಕಾರಣವೋ ಚಿಕಿತ್ಸೆ ಕಾರಣವೋ ಎಂಬ ಅನುಮಾನ ಹುಟ್ಟಿಸುವುದು ಕಟ್ಟಡದ ಮಾಲೀಕರ ಪರ ವಕೀಲರಿಗೆ ಬೇಕಾಗಿತ್ತು.

‘ಆತನ ಹತ್ತಿರ ಎಷ್ಟು ಹೊತ್ತು ಇದ್ರಿ?’

‘ಅರ್ಧ ನಿಮಿಷ.’

‘ಆಮೇಲೆ ಆತನನ್ನ ಬಿಟ್ಟು ಮುಂದೆ ಹೋದ್ರಿ?’

‘ಹೌದು, ಯಾಕಂದ್ರೆ ಅವರಿಗೆ—’

‘ಹೌದು ಅಂದ್ರಲ್ಲ, ಸಾಕು.’

ವಿಚಾರಣೆಯ ವರದಿ ಸಿಸ್ಟರ್ ಮೇಲೆ ಯಾವ ತಪ್ಪನ್ನೂ ಹೊರಿಸಲಿಲ್ಲ. ಆದರೆ ಸತ್ತವನ ಹೆಂಡತಿ ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು ಅಷ್ಟನ್ನೇ ಕೇಳಿಸಿಕೊಂಡು ಎದ್ದು ಹೋಗಿದ್ದಳು. ಆಸ್ಪತ್ರೆಯ ವಕೀಲರು ಎದ್ದು ಮರುಪ್ರಶ್ನೆ ಕೇಳಿದ್ದರೆ ‘ಯಾಕಂದ್ರೆ’ಯ ಮುಂದಿನ ಮಾತೂ ದಾಖಲಾಗುತ್ತಿತ್ತು ಎಂದು ನಾದಿನಿ ಆಮೇಲೆ ವಿವರಿಸಿದಳು. ಅವರು ಎದ್ದಿರಲಿಲ್ಲ. ಹಾಗೆ ಎದ್ದು ನಿಲ್ಲುವ ಕೆಲಸ ತನಗೆ ಬೇಕು ಎಂದು ಸಿಸ್ಟರ್‌ಗೆ ಅನ್ನಿಸಿದ್ದು ಅಂದೇ. ಹೇಳಿಕೊಳ್ಳಲು ಮಾತ್ರ ಎರಡು ವರ್ಷ ಹಿಡಿಯಿತು.

ಪಾಠ ಹೇಳಿಕೊಡುವ ಹೊಣೆಯನ್ನು ನಾದಿನಿಯೇ ಹೊತ್ತಳು. ಅದೇ ಕಾಲೇಜಿನಲ್ಲಿ ಓದಿ, ಈಗ ಒಬ್ಬ ಹಿರಿಯ ವಕೀಲರ ಕಚೇರಿಯಲ್ಲಿ ಕಿರಿಯಳಾಗಿ ದುಡಿಯುತ್ತಿದ್ದವಳು. ಮಾತು ಚೂರಿ. ಪಾಠ ನಡೆಯುತ್ತಿದ್ದದ್ದು ಸಲೂನಿನಲ್ಲಿ, ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ. ಮನೆ ಅಂಗಡಿಯ ಹಿಂದೆಯೇ ಇತ್ತಾದರೂ ಅಲ್ಲಿ ಕೂತರೆ ಸಿಸ್ಟರ್ ಕಣ್ಣಿಗೆ ಪಾತ್ರೆ ಬೀಳುತ್ತಿತ್ತು, ಬಟ್ಟೆ ಬೀಳುತ್ತಿತ್ತು. ಸಲೂನಿನಲ್ಲಿ ಎರಡು ತಿರುಗುವ ಕುರ್ಚಿ, ಎದುರಿಗೆ ಉದ್ದ ಕನ್ನಡಿ, ಗೋಡೆಗೆ ಒರಗಿಸಿದ ಒಂದು ಬೆಂಚು. ಬೆಂಚಿನ ಒಂದು ತುದಿ ಸಿಸ್ಟರ್‌ದು, ಇನ್ನೊಂದು ಮೀಸೆ ಮಾವನದು.

ಮೀಸೆ ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ತಲೆಯ ಮೇಲೆ ಒಂದು ಕೂದಲೂ ಇಲ್ಲ. ವಾರಕ್ಕೊಮ್ಮೆ ಮೀಸೆಯ ತುದಿ ಕತ್ತರಿಸಿಕೊಳ್ಳುವ ನೆಪದಲ್ಲಿ ದಿನವೂ ಬಂದು ಪೇಪರು ಓದುತ್ತಿದ್ದ.

‘ನಿಯಮ,’ ಎಂದು ನಾದಿನಿ ಓದಿದಳು. ‘ಸಾಕಿದ ಪ್ರಾಣಿಯಿಂದ ಆದ ಹಾನಿಗೆ ಸಾಕಿದವನೇ ಹೊಣೆ. ಸಂಗತಿ. ಒಬ್ಬನ ಮೇಕೆ ಪಕ್ಕದ ಮನೆ ಅಂಗಳಕ್ಕೆ ನುಗ್ಗಿ ಒಣಗಲು ಹಾಕಿದ್ದ ಅಂಗಿ ತಿಂದಿತು. ಪಕ್ಕದ ಮನೆಯವನು ಗೇಟು ತೆಗೆದಿಟ್ಟಿದ್ದ. ಹೊಣೆ ಯಾರು?’

‘ಗೇಟು ತೆಗೆದಿಟ್ಟೋನು,’ ಎಂದ ಮೀಸೆ ಮಾವ.

‘ಮಾವ, ನಿಮ್ಮನ್ನ ಕೇಳಿಲ್ಲ.’

‘ಮೇಕೆಗೆ ಏನಮ್ಮ ಗೊತ್ತಾಗುತ್ತೆ ಇದು ಯಾರ ಗೇಟು ಅಂತ?’

ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಕೆನ್ನೆ ತುಂಬ ಸೋಪಿನ ನೊರೆ ಇಟ್ಟುಕೊಂಡೇ, ‘ಅಂಗಿ ಹೊಸದೋ ಹಳೇದೋ?’ ಎಂದ. ಗಂಡ ಅವನ ಗಲ್ಲ ಹಿಡಿದು ಮುಖ ನೇರ ಮಾಡಿದ. ‘ಮಾತಾಡಬೇಡಿ ಸಾರ್, ಕೆನ್ನೆ ಹೋದ್ರೆ ನಾನು ಹೊಣೆ.’

‘ಸಾಕಿದವನು,’ ಎಂದಳು ಸಿಸ್ಟರ್. ‘ನಿಯಮದಲ್ಲಿ ಗೇಟಿನ ಮಾತೇ ಇಲ್ಲ.’

‘ಸರಿ. ಪ್ರಪಂಚ ಏನು ಹೇಳುತ್ತೆ ಅನ್ನೋದು ಬೇಡ. ಕಾಗದದಲ್ಲಿ ಏನಿದೆಯೋ ಅಷ್ಟೇ. ಮಾವ, ನೀವು ಫೇಲು.’

‘ಪಾಪ, ಮೇಕೆ ಮಾತ್ರ ಪಾಸು,’ ಎಂದು ಮೀಸೆ ಮಾವ ಪೇಪರು ಮಡಿಸಿದ.

ಇಂಥ ಪ್ರಶ್ನೆಗಳಲ್ಲಿ ಸಿಸ್ಟರ್ ತಪ್ಪುವುದು ಕಡಿಮೆ. ಹೇಳಿದ ಆದೇಶವನ್ನು ಹೇಳಿದ ಹಾಗೆ ಪಾಲಿಸುವುದು ಆಕೆಯ ದಿನದ ಕೆಲಸ. ತೊಂದರೆ ಬೇರೆ ಕಡೆ ಇತ್ತು. ಪರೀಕ್ಷೆ ಎರಡು ಗಂಟೆಯದು, ಪ್ರಶ್ನೆ ನೂರಿಪ್ಪತ್ತು. ಒಂದೊಂದು ಗದ್ಯಭಾಗ, ಅದರ ಕೆಳಗೆ ಐದಾರು ಪ್ರಶ್ನೆ. ಸರಿಯುತ್ತರಕ್ಕೆ ಒಂದು ಅಂಕ. ತಪ್ಪಿದರೆ ಕಾಲು ಅಂಕ ಕಡಿತ. ಖಾಲಿ ಬಿಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಿಂದಿನ ವರ್ಷ ಎಪ್ಪತ್ತೈದರ ಆಸುಪಾಸು ತೆಗೆದವರಿಗೆ ಸೀಟು ಸಿಕ್ಕಿತ್ತು. ಸಿಸ್ಟರ್ ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ತೆಗೆದದ್ದು ನಲವತ್ತೆಂಟು, ಎರಡನೆಯದರಲ್ಲಿ ನಲವತ್ತೊಂಬತ್ತು.

ನಾದಿನಿ ಎರಡೂ ಉತ್ತರದ ಹಾಳೆಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ಹರಡಿದಳು. ಬಹಳ ಹೊತ್ತು ನೋಡಿದಳು.

‘ಅತ್ತಿಗೆ, ಇದೇನು ತಲೆಕೆಳಗಾಗಿ ನಿಂತು ಬರೆದ್ರಾ?’

‘ಯಾಕೆ?’

‘ಕಷ್ಟದ್ದೆಲ್ಲ ಸರಿ ಮಾಡಿದೀರಿ. ನಾನೇ ತಪ್ಪು ಮಾಡ್ತಿದ್ದೆ, ಅಂಥದ್ದು. ಸುಲಭದ್ದೆಲ್ಲ ಖಾಲಿ. ಇಲ್ಲಿ ನೋಡಿ, ಅಣ್ಣನೂ ಉತ್ತರ ಹೇಳೋ ಅಂಥ ಪ್ರಶ್ನೆ. ಖಾಲಿ.’

‘ನನ್ನ ಹೆಸರು ಯಾಕೆ ಎಳೀತೀಯ,’ ಎಂದ ಅಣ್ಣ, ಬಾಚಣಿಗೆ ಒರೆಸುತ್ತಾ.

ಸಿಸ್ಟರ್ ವಿವರಿಸಿದಳು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಆಕೆ ಪುಟ ತಿರುಗಿಸಿ ಎಲ್ಲವನ್ನೂ ಒಮ್ಮೆ ನೋಡುತ್ತಾಳೆ. ಯಾವುದು ತೀರಾ ಉದ್ದ, ತೀರಾ ಗೋಜಲು ಎಂದು ಗುರುತು ಹಾಕುತ್ತಾಳೆ. ಅಲ್ಲಿಂದ ಶುರು ಮಾಡುತ್ತಾಳೆ. ಸುಲಭದ್ದು ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ಮಾಡಿದರಾಯಿತು.

ತುರ್ತು ವಿಭಾಗದ ಬಾಗಿಲಿನಲ್ಲಿ ಹದಿನೆಂಟು ವರ್ಷದಿಂದ ಆಕೆ ಮಾಡುತ್ತಿದ್ದದ್ದು ಇದನ್ನೇ. ಯಾರು ಮೊದಲು ಬಂದರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಎದೆನೋವಿನವನು ಒಳಗೆ, ಬೆರಳು ಕುಯ್ದುಕೊಂಡವನು ಬೆಂಚಿಗೆ. ಬೆಂಚಿನವನು ಎಷ್ಟೇ ಬೈದರೂ ಅವನು ಕಾಯಬಲ್ಲ.

‘ಪರೀಕ್ಷೆಲಿ ಯಾವುದೂ ಕಾಯಲ್ಲ ಅತ್ತಿಗೆ,’ ಎಂದಳು ನಾದಿನಿ. ‘ಬೆಲ್ ಹೊಡೆದ್ರೆ ಬೆಂಚಿನ ಮೇಲೆ ಕೂತಿರೋರೂ ಸತ್ತಂಗೇ. ಅವರಿಗೂ ಒಂದೇ ಅಂಕ, ಇವರಿಗೂ ಒಂದೇ ಅಂಕ. ಸುಲಭದ್ದು ಮೊದಲು ಮಾಡಿ.’

‘ಅದೆಲ್ಲ ಬೇಡ, ನಮ್ಮ ಅಂಗಡಿ ಥರ ಮಾಡು,’ ಎಂದ ಗಂಡ. ‘ಒಂದಾದ್ಮೇಲೆ ಒಂದು. ಬಂದವರು ಬಂದ ಸಾಲಲ್ಲೇ. ಯಾರೂ ಜಗಳ ಮಾಡಲ್ಲ.’

‘ನಿನ್ನ ಅಂಗಡಿಗೆ ಎರಡು ಗಂಟೇಲಿ ಎಷ್ಟು ಜನ ಬರ್ತಾರೆ ಅಣ್ಣ? ಮೂರು. ಅದರಲ್ಲಿ ಒಬ್ಬರಿಗೆ ಕೂದಲೇ ಇಲ್ಲ.’

ಮೀಸೆ ಮಾವ ಪೇಪರಿನ ಹಿಂದಿನಿಂದ, ‘ಕೇಳಿಸ್ತು,’ ಎಂದ.

ಸಿಸ್ಟರ್ ಎರಡನ್ನೂ ಪ್ರಯತ್ನಿಸಿದಳು. ಗಂಡನ ಕ್ರಮದಲ್ಲಿ ಹೋದಾಗ ಏಳನೇ ಪ್ರಶ್ನೆಯೇ ಗೋಜಲಿನದಾಗಿತ್ತು. ಅಲ್ಲೇ ಕೂತುಬಿಟ್ಟಳು. ನಾದಿನಿಯ ಕ್ರಮದಲ್ಲಿ ಹೋದಾಗ ಸುಲಭದ ನಾಲ್ಕು ಪ್ರಶ್ನೆ ಮುಗಿಸುವಷ್ಟರಲ್ಲಿ ಮನಸ್ಸು ಹಿಂದಿನ ಪುಟದ ಕಷ್ಟದ ಗದ್ಯಭಾಗಕ್ಕೆ ಓಡುತ್ತಿತ್ತು. ಯಾರೋ ಪರದೆಯ ಆಚೆ ನರಳುತ್ತಿರುವಾಗ ಈಚೆ ಬೆರಳಿಗೆ ಪಟ್ಟಿ ಕಟ್ಟುತ್ತಾ ಕೂತ ಹಾಗೆ ಆಗುತ್ತದೆ ಎಂದು ಆಕೆ ಗಂಡನಿಗೆ ಹೇಳಿದಳು. ಕೈ ಪುಟ ತಿರುಗಿಸಿಬಿಡುತ್ತಿತ್ತು. ಐದನೇ ಅಭ್ಯಾಸ ಪರೀಕ್ಷೆಯಲ್ಲಿ ಅಂಕ ನಲವತ್ತಮೂರಕ್ಕೆ ಇಳಿಯಿತು.

ಅಂದು ನಾದಿನಿ ಕೋರ್ಟಿನಿಂದ ನೇರ ಬಂದಿದ್ದಳು. ಊಟ ಆಗಿರಲಿಲ್ಲ. ಹಾಳೆ ನೋಡಿ ಅದನ್ನು ಬೆಂಚಿನ ಮೇಲೆ ಎಸೆದಳು.

‘ಮತ್ತೆ ಅದೇ. ಒಂದು ಗದ್ಯಕ್ಕೆ ಇಪ್ಪತ್ತು ನಿಮಿಷ. ಬಿಟ್ಟು ಎದ್ದು ಬನ್ನಿ ಅಂದ್ರೆ ಬರಲ್ಲ.’

‘ಬಿಡೋಕೆ ಆಗಲ್ಲ ಕಣೇ.’

‘ಅವತ್ತು ಮಾರ್ಕೆಟ್ಟಲ್ಲಿ ಅರ್ಧ ನಿಮಿಷಕ್ಕೆ ಬಿಟ್ಟು ಹೋಗೋಕೆ ಆಯ್ತಲ್ಲ ಅತ್ತಿಗೆ. ಇದು ಬರೀ ಕಾಗದ.’

ಗಂಡನ ಕತ್ತರಿ ನಿಂತಿತು. ಮೀಸೆ ಮಾವ ಪೇಪರಿನ ಪುಟ ತಿರುಗಿಸಲಿಲ್ಲ. ಹೇಳಿದ್ದು ಏನು ಎಂಬುದು ಬಾಯಿಂದ ಬಿದ್ದ ಮೇಲೆ ನಾದಿನಿಗೂ ಗೊತ್ತಾಯಿತು. ಆದರೆ ತಕ್ಷಣ ತಿದ್ದಿಕೊಳ್ಳುವ ಸ್ವಭಾವ ಅವಳದಲ್ಲ. ಸಿಸ್ಟರ್ ಎದ್ದಳು. ಕಪಾಟಿನಿಂದ ಬಾಚಣಿಗೆಗಳನ್ನೆಲ್ಲ ತೆಗೆದು ನೀರಿಗೆ ಹಾಕಿ ಒಂದೊಂದಾಗಿ ಉಜ್ಜತೊಡಗಿದಳು. ಅವು ಬೆಳಿಗ್ಗೆಯೇ ತೊಳೆದಿಟ್ಟವು. ನಾದಿನಿ ಚೀಲ ಎತ್ತಿಕೊಂಡು ಹೋದಳು. ಆ ವಾರ ಮತ್ತೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಮೇಟ್ರನ್ ಸಿಸ್ಟರ್‌ಗೆ ಪರೀಕ್ಷೆ ಮುಗಿಯುವವರೆಗೆ ಬರೀ ಬೆಳಗಿನ ಪಾಳಿ ಕೊಟ್ಟಿದ್ದರು. ಅದಕ್ಕೆ ಬದಲಾಗಿ ಒಂದು ಕೆಲಸ ಹೊರಿಸಿದರು.

‘ಈ ಸಲ ಅಣಕು ಕವಾಯತು ನೀವೇ ಮಾಡಿಸಬೇಕು. ಮೂರು ವರ್ಷದಿಂದ ಏನಾದ್ರೂ ನೆಪ ಹೇಳ್ತಾ ಇದೀರಿ.’

ದೊಡ್ಡ ಅಪಘಾತವಾದಾಗ ಏನು ಮಾಡಬೇಕು ಎಂದು ಹೊಸ ನರ್ಸ್‌ಗಳಿಗೆ ಮಾಡಿ ತೋರಿಸುವ ಕವಾಯತು ಅದು. ಸಿಸ್ಟರ್ ಇಲ್ಲ ಅನ್ನಲಿಲ್ಲ. ಪಾಳಿಯ ಋಣ ಇತ್ತು.

ಆಂಬುಲೆನ್ಸ್ ನಿಲ್ಲುವ ಅಂಗಳದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಗಾಯಾಳುಗಳಾಗಿ ಅಲ್ಲಲ್ಲಿ ಮಲಗಿದರು. ಒಬ್ಬೊಬ್ಬರ ಎದೆಯ ಮೇಲೂ ಅವರ ಸ್ಥಿತಿ ಬರೆದ ಕಾಗದವನ್ನು ಪಿನ್ ಮಾಡಲಾಗಿತ್ತು. ಕೆಲವರು ಬೇಕಾದ್ದಕ್ಕಿಂತ ಹೆಚ್ಚೇ ನರಳುತ್ತಿದ್ದರು. ಒಬ್ಬ ಸತ್ತವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಹೊಸ ನರ್ಸ್ ಒಬ್ಬಳ ಕೈಗೆ ಚೀಟಿಗಳ ಕಟ್ಟು ಕೊಟ್ಟು ಸಿಸ್ಟರ್ ಪಕ್ಕಕ್ಕೆ ನಿಂತಳು.

ಹುಡುಗಿ ನೇರ ಓಡಿದ್ದು ಉಸಿರಿಲ್ಲ ಎಂದು ಬರೆದಿದ್ದವನ ಕಡೆಗೆ. ಮಂಡಿಯೂರಿ ಎದೆ ಒತ್ತತೊಡಗಿದಳು.

‘ಏಳು,’ ಎಂದಳು ಸಿಸ್ಟರ್. ‘ಮೊದಲು ಎದ್ದು ನಿಂತು ಕೂಗು. ನಡೆಯೋಕೆ ಆಗೋರೆಲ್ಲ ಆ ಗೋಡೆ ಹತ್ತಿರ ಹೋಗಿ ಅಂತ.’

ಹುಡುಗಿ ಕೂಗಿದಳು. ಅರ್ಧಕ್ಕರ್ಧ ಜನ ಎದ್ದು ಕುಂಟುತ್ತಾ, ನಗುತ್ತಾ ಗೋಡೆಯ ಹತ್ತಿರ ಹೋದರು. ಅಂಗಳ ಖಾಲಿ ಖಾಲಿಯಾಯಿತು.

‘ನೋಡು. ಒಂದು ಮಾತಿಗೆ ಅರ್ಧ ಕೆಲಸ ಮುಗೀತು. ಅವರಿಗೆಲ್ಲ ಹಸಿರು ಚೀಟಿ. ಈಗ ಉಳಿದೋರ ಹತ್ತಿರ ಸಾಲಾಗಿ ಹೋಗು. ಒಬ್ಬರ ಹತ್ತಿರ ಅರ್ಧ ನಿಮಿಷ, ಜಾಸ್ತಿ ನಿಲ್ಲಬೇಡ. ಉಸಿರಿಲ್ಲ ಅಂದ್ರೆ ತಲೆ ಹಿಂದಕ್ಕೆ ಬಾಗಿಸಿ ನೋಡು. ಉಸಿರು ಬಂತಾ, ಕೆಂಪು ಚೀಟಿ. ಬರಲಿಲ್ವಾ, ಕಪ್ಪು. ಎದ್ದು ಮುಂದೆ ಹೋಗು.’

‘ದಿನಾ ನೀವೇ ಹೇಳ್ತೀರಲ್ಲ ಸಿಸ್ಟರ್, ತೀರಾ ಕಷ್ಟದಲ್ಲಿರೋರು ಮೊದಲು ಅಂತ.’

‘ಅದು ದಿನದ ನಿಯಮ. ಕೈ ಸಾಕಷ್ಟಿದ್ದಾಗ ಕಷ್ಟದಲ್ಲಿರೋರು ಮೊದಲು. ಜನ ಜಾಸ್ತಿ, ಕೈ ಕಡಿಮೆ ಅಂದಾಗ ಉಳಿಯೋರು ಮೊದಲು. ಒಬ್ಬರ ಹತ್ತಿರವೇ ಕೂತ್ರೆ ಆಚೆ ಮೂರು ಜನ ಹೋಗ್ತಾರೆ.’

‘ಕಪ್ಪು ಚೀಟಿಯವರ ಹತ್ತಿರ ಯಾರು ಇರ್ತಾರೆ?’

‘ಆಗ ಯಾರೂ ಇರಲ್ಲ. ಆಮೇಲೆ ವಾಪಸ್ ಬರ್ತೀವಿ.’

ಹುಡುಗಿ ಮುಂದಿನವರ ಕಡೆ ಹೋದಳು. ಸಿಸ್ಟರ್ ಹಿಂದೆಯೇ ಹೋಗಬೇಕಿತ್ತು, ಹೋಗಲಿಲ್ಲ. ತಾನು ಈಗಷ್ಟೇ ಹೇಳಿದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡಳು. ಜನ ನೂರಿಪ್ಪತ್ತು. ಕೈ ಒಂದು ಜೊತೆ. ಪರೀಕ್ಷಾ ಕೊಠಡಿಯನ್ನು ಇಷ್ಟು ದಿನ ತುರ್ತು ವಿಭಾಗದ ಬಾಗಿಲು ಅಂದುಕೊಂಡಿದ್ದೇ ತಪ್ಪಾಗಿತ್ತು. ನಾದಿನಿ ಕೆಟ್ಟದಾಗಿ ಹೇಳಿದ್ದಳು, ಸುಳ್ಳು ಹೇಳಿರಲಿಲ್ಲ.

‘ಸಿಸ್ಟರ್, ಈ ಸತ್ತವರು ನೀರು ಕೇಳ್ತಿದಾರೆ,’ ಎಂದು ಯಾರೋ ಕೂಗಿದರು.

‘ಕೊಡಿ, ಬಿಸಿಲಿದೆ,’ ಎಂದಳು.

ಮಧ್ಯಾಹ್ನ ಮನೆಗೆ ಬಂದವಳು ಬಟ್ಟೆ ಬದಲಿಸದೆ ನೇರ ಸಲೂನಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಇನ್ನೂ ಮುಟ್ಟದ ಒಂದು ಅಭ್ಯಾಸ ಪತ್ರಿಕೆ ತೆಗೆದು ಗಂಡನಿಗೆ ಗಡಿಯಾರ ನೋಡಲು ಹೇಳಿದಳು. ಮೊದಲ ಸುತ್ತಿನಲ್ಲಿ ಕಣ್ಣಿಗೆ ಬಿದ್ದ ಕೂಡಲೇ ಉತ್ತರ ಹೊಳೆದವುಗಳನ್ನಷ್ಟೇ ಮಾಡಿದಳು. ಅವು ನಡೆಯುವವರು. ಎರಡನೇ ಸುತ್ತಿನಲ್ಲಿ ಸ್ವಲ್ಪ ಹೊತ್ತು ಕೊಟ್ಟರೆ ಉಳಿಯುವಂಥವು. ಅರ್ಧ ನಿಮಿಷ ನೋಡಿದರೂ ದಾರಿ ಕಾಣದ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಕಪ್ಪು ಚುಕ್ಕೆ ಇಟ್ಟು ಮುಂದೆ ಹೋದಳು. ಮೊದಲ ಚುಕ್ಕೆ ಇಡುವಾಗ ಪೆನ್ಸಿಲಿನ ಮೊನೆ ಮುರಿಯಿತು. ಗಂಡ ಅದನ್ನು ಕ್ಷೌರದ ಬ್ಲೇಡಿನಲ್ಲೇ ಚೂಪು ಮಾಡಿಕೊಟ್ಟ.

ಅಂಕ ಅರವತ್ತೆಂಟು. ಮೀಸೆ ಮಾವ ಎರಡು ಸಲ ಎಣಿಸಿದ.

‘ಲಾಯರಮ್ಮನಿಗೆ ಫೋನ್ ಮಾಡಿ ಹೇಳ್ಲಾ?’

‘ನಾನೇ ಮಾಡ್ತೀನಿ.’

ಫೋನಿನಲ್ಲಿ ಸಿಸ್ಟರ್ ಅಂಕ ಹೇಳಿದಳು.

‘ಅತ್ತಿಗೆ, ಅವತ್ತು ನಾನು ಅಂದಿದ್ದು—’

‘ನಾಳೆ ಬಾ. ಊಟ ಮಾಡ್ಕೊಂಡು ಬಾ. ಹಸಿದುಕೊಂಡು ಬಂದ್ರೆ ನಿನ್ನ ನಾಲಿಗೆ ಯಾರ ಮಾತೂ ಕೇಳಲ್ಲ.’

‘ನಿಮ್ಮನೇಲೇ ಊಟ ಮಾಡ್ತೀನಿ,’ ಎಂದಳು ನಾದಿನಿ.

ಪರೀಕ್ಷೆ ನಡೆದದ್ದು ಒಂದು ಪ್ರಾಥಮಿಕ ಶಾಲೆಯಲ್ಲಿ. ಡೆಸ್ಕುಗಳು ಮಕ್ಕಳ ಅಳತೆಯವು. ಸಿಸ್ಟರ್ ಕಾಲು ಮಡಿಸಿ ಓರೆಯಾಗಿ ಕೂರಬೇಕಾಯಿತು. ಪಕ್ಕದ ಸಾಲಿನಲ್ಲಿದ್ದವನು ಬ್ಯಾಂಕಿನ ಕಾವಲುಗಾರನ ಸಮವಸ್ತ್ರದಲ್ಲೇ ಬಂದಿದ್ದ. ಗೋಡೆಯ ಮೇಲೆ ಮಗ್ಗಿ ಬರೆದಿತ್ತು. ಉತ್ತರದ ಹಾಳೆಯನ್ನು ಕೊಟ್ಟು ಬರಬೇಕು, ಪ್ರಶ್ನೆಪತ್ರಿಕೆಯನ್ನು ಮನೆಗೆ ಒಯ್ಯಬಹುದು ಎಂದು ಮೇಲ್ವಿಚಾರಕಿ ತಿಳಿಸಿದಳು.

ಮೊದಲ ಸುತ್ತು ಅಂದುಕೊಂಡಂತೆ ಹೋಯಿತು. ನಡೆಯುವವರು ಎದ್ದು ಗೋಡೆಯ ಹತ್ತಿರ ಹೋದರು.

ಎರಡನೇ ಸುತ್ತಿನ ನಡುವೆ ಆ ಗದ್ಯಭಾಗ ಸಿಕ್ಕಿತು. ಮೊದಲ ಸುತ್ತಿನಲ್ಲಿ ಉದ್ದ ನೋಡಿ ದಾಟಿಬಂದಿದ್ದದ್ದು. ಪ್ರಜ್ಞೆ ಇಲ್ಲದ ಒಬ್ಬ ರೋಗಿಯನ್ನು ಯಾರೋ ದಾರಿಹೋಕರು ಆಸ್ಪತ್ರೆಗೆ ತಂದು ಬಿಟ್ಟಿದ್ದಾರೆ. ಮನೆಯವರ ಒಪ್ಪಿಗೆ ಪಡೆಯದೆ ನರ್ಸ್ ಒಂದು ಚುಚ್ಚುಮದ್ದು ಕೊಟ್ಟಿದ್ದಾಳೆ. ಇಬ್ಬರು ನ್ಯಾಯಾಧೀಶರು, ಎರಡು ಬೇರೆ ಬೇರೆ ತೀರ್ಪು, ಒಂದಕ್ಕೊಂದು ಹೆಣೆದುಕೊಂಡ ಒಂದೂವರೆ ಪುಟ. ಕೆಳಗೆ ಐದು ಪ್ರಶ್ನೆ.

ಸಿಸ್ಟರ್ ಓದತೊಡಗಿದಳು. ಚುಚ್ಚುಮದ್ದು ಕೊಟ್ಟ ಕ್ರಮವೇ ಸರಿಯಾಗಿ ಬರೆದಿಲ್ಲ ಅನ್ನಿಸಿತು. ಮೊದಲ ನ್ಯಾಯಾಧೀಶರು ಒಂದು ರಾತ್ರಿಯಾದರೂ ತುರ್ತು ವಿಭಾಗ ನೋಡಿದ್ದಾರೆಯೇ ಅನ್ನಿಸಿತು. ಆ ನರ್ಸ್ ಪರವಾಗಿ ಏನೇನು ಹೇಳಬಹುದು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಹೋದಳು. ಮುಂದಿನ ಸಾಲಿನಲ್ಲಿ ಯಾರೋ ಪುಟ ತಿರುಗಿಸಿದ ಸದ್ದಿಗೆ ತಲೆ ಎತ್ತಿದಳು. ಇಷ್ಟು ಹೊತ್ತೂ ಒಂದು ಪ್ರಶ್ನೆಗೂ ಉತ್ತರ ತುಂಬಿರಲಿಲ್ಲ. ಅರ್ಧ ನಿಮಿಷ ಎಂದೋ ಕಳೆದಿತ್ತು.

ಆಕೆ ಗದ್ಯದ ಪಕ್ಕ ಕಪ್ಪು ಚುಕ್ಕೆ ಇಟ್ಟಳು. ಪುಟ ತಿರುಗಿಸಿದಳು.

ಆಮೇಲೆ ಒಂದು ಬಾಡಿಗೆ ಕರಾರು, ಒಂದು ಕಳವಾದ ಸೈಕಲ್ಲು, ಅಂಕಿ ಅಂಶದ ಒಂದು ಕೋಷ್ಟಕ, ಪದಗಳ ಅರ್ಥದ ಎಂಟು ಪ್ರಶ್ನೆ. ಎಲ್ಲ ಉಳಿಯುವಂಥವು. ವಾಪಸ್ ಹೋಗಲು ಹೊತ್ತು ಸಿಗಬಹುದು ಅಂದುಕೊಂಡಿದ್ದಳು. ಕೊನೆಯ ಪ್ರಶ್ನೆಯಲ್ಲಿರುವಾಗಲೇ ಬೆಲ್ ಹೊಡೆಯಿತು. ಉತ್ತರದ ಹಾಳೆಯಲ್ಲಿ ಆ ಐದು ಪ್ರಶ್ನೆಗಳ ಗೋಲಗಳು ತುಂಬದೆ ಬಿಳಿಯಾಗಿಯೇ ಉಳಿದವು.

ಸಲೂನಿಗೆ ಬಂದಾಗ ನಾದಿನಿ ಬೆಂಚಿನಲ್ಲಿ ಕಾಯುತ್ತಿದ್ದಳು. ಗಂಡ ಒಬ್ಬ ಗಿರಾಕಿಗೆ ಕ್ಷೌರ ಮಾಡುತ್ತಿದ್ದ. ನಾದಿನಿ ಪ್ರಶ್ನೆಪತ್ರಿಕೆ ಕಸಿದುಕೊಂಡು ಪುಟ ತಿರುಗಿಸುತ್ತಾ, ಸಿಸ್ಟರ್ ಹಾಕಿದ್ದ ಗುರುತುಗಳನ್ನು ನೋಡುತ್ತಾ ಹೋದಳು. ಚುಕ್ಕೆಯ ಹತ್ತಿರ ನಿಂತಳು.

‘ಅತ್ತಿಗೆ, ಇದು ನಿಮ್ಮ ಆಸ್ಪತ್ರೆದೇ ವಿಷಯ. ಐದಕ್ಕೆ ಐದೂ ಖಾಲಿನಾ? ಇದನ್ನ ಯಾಕೆ ಬಿಟ್ರಿ?’

ಸಿಸ್ಟರ್ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕೂತಳು.

‘ಉಸಿರಿರಲಿಲ್ಲ,’ ಎಂದಳು. ‘ತಲೆ ಹಿಂದಕ್ಕೆ ಬಾಗಿಸಿ ನೋಡಿದೆ. ಬಾಯೊಳಗೆ ಮಣ್ಣಿತ್ತು, ತೆಗೆದೆ. ಆದ್ರೂ ಬರಲಿಲ್ಲ. ಅಲ್ಲೇ ಎರಡು ಹೆಜ್ಜೆ ಆಚೆ ಒಬ್ಬಳಿಗೆ ತೊಡೆಯಿಂದ ರಕ್ತ ಹೋಗ್ತಾ ಇತ್ತು. ಬಿಗಿಯಾಗಿ ಕಟ್ಟಿದ್ರೆ ಉಳೀತಾಳೆ ಅಂತ ಕಾಣ್ತು. ಅದಕ್ಕೆ ಬಿಟ್ಟು ಹೋದೆ. ಅವಳು ಉಳಿದಳು.’

‘ನಾನು ಪ್ರಶ್ನೆ ಬಗ್ಗೆ ಕೇಳಿದ್ದು ಅತ್ತಿಗೆ.’

‘ಗೊತ್ತು. ಎರಡಕ್ಕೂ ಒಂದೇ ಉತ್ತರ. ಅಲ್ಲಿ ಕೂತಿದ್ರೆ ಆಚೆಯವು ಹೋಗ್ತಿದ್ವು.’

ನಾದಿನಿ ಪತ್ರಿಕೆ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಕೋರ್ಟಿನಲ್ಲಿ ಕೇಳುವ ಹಾಗೆ, ಆದರೆ ಮೆಲ್ಲಗೆ, ‘ಆಮೇಲೆ?’ ಎಂದಳು.

‘ಆಮೇಲೆ ಏನು?’

‘ಆಮೇಲೆ ಏನ್ ಮಾಡಿದ್ರಿ ಅವತ್ತು?’

‘ಎಲ್ಲರನ್ನೂ ಗಾಡಿ ಹತ್ತಿಸಿ ಆದ್ಮೇಲೆ ವಾಪಸ್ ಹೋದೆ. ಮುಖದ ಮಣ್ಣು ಒರೆಸಿದೆ. ಅಂಗಿ ಗುಂಡಿ ಹಾಕ್ದೆ. ಶವದ ವ್ಯಾನ್ ಬರೋವರೆಗೂ ಪಕ್ಕದಲ್ಲೇ ಕೂತಿದ್ದೆ. ತುಂಬಾ ಹೊತ್ತು ಬರಲಿಲ್ಲ ಅದು.’

‘ಇದನ್ನ ವಿಚಾರಣೇಲಿ ಹೇಳಲೇ ಇಲ್ಲ.’

‘ಕೇಳಲಿಲ್ಲ.’

ಗಂಡ ಕತ್ತಿ ಹಿಡಿದ ಕೈಯನ್ನು ಗಿರಾಕಿಯ ಮುಖದಿಂದ ದೂರ ಇಟ್ಟುಕೊಂಡು ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ. ಗಿರಾಕಿ ಅರ್ಧ ಬೋಳಿಸಿದ ಕೆನ್ನೆಯಲ್ಲಿ ಕೂತಿದ್ದ. ಮೀಸೆ ಮಾವ, ‘ನೊರೆ ಒಣಗ್ತಾ ಇದೆಯಪ್ಪ,’ ಎಂದ.

ಫಲಿತಾಂಶವನ್ನು ಕಾಲೇಜಿನ ಗೇಟಿನ ಪಕ್ಕದ ಫಲಕಕ್ಕೆ ಅಂಟಿಸಿದರು. ಸಿಸ್ಟರ್ ಪಾಳಿಯಲ್ಲಿದ್ದ ಕಾರಣ ನಾದಿನಿಯೇ ಹೋಗಿ ನೋಡಿ ಬಂದಳು. ಸಂಖ್ಯೆಗಳನ್ನು ಮೇಲಿಂದ ಓದುತ್ತಾ ಬಂದಾಗ ಬೇಗ ಸಿಗಲಿಲ್ಲ, ಕೆಳಗಿಂದ ಓದಿದಾಗ ಬೇಗ ಸಿಕ್ಕಿತು. ಎಪ್ಪತ್ತಾರೂವರೆ. ಕೊನೆಯ ಸೀಟು ಎಪ್ಪತ್ತಾರಕ್ಕೆ ನಿಂತಿತ್ತು.

‘ಬಾಗಿಲು ಹಾಕೋ ಹೊತ್ತಿಗೆ ಒಳಗೆ ನುಸುಳಿದೀರಿ ಅತ್ತಿಗೆ,’ ಎಂದಳು ಬಂದು.

‘ಮೇಕೆ ಥರ,’ ಎಂದ ಮೀಸೆ ಮಾವ. ‘ಗೇಟು ತೆಗೆದಿಟ್ಟೋರದ್ದೇ ಹೊಣೆ.’

ಗಂಡ ಅಂದು ಎರಡನೇ ಕುರ್ಚಿಗೆ ಹೊಸ ಬಟ್ಟೆ ಹಾಸಿದ. ಯಾಕೆ ಎಂದು ಕೇಳಿದರೆ ಹಳೆಯದು ಹರಿದಿತ್ತು ಎಂದ. ಎಲ್ಲರಿಗೂ ಚಹಾ ತರಿಸಿದ. ಮೀಸೆ ಮಾವ ತನ್ನ ಸರದಿ ಬಂದರೂ ಕುರ್ಚಿಗೆ ಹೋಗದೆ ಬೆಂಚಿನಲ್ಲೇ ಉಳಿದ. ಅವನ ಪಕ್ಕದಲ್ಲಿ ಸಿಸ್ಟರ್ ಚೀಲದಿಂದ ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಚುಕ್ಕೆ ಇಟ್ಟ ಪುಟ ಬಿಚ್ಚುತ್ತಿದ್ದಳು.

‘ಸೀಟು ಸಿಕ್ತಲ್ಲ ಸಿಸ್ಟರ್. ಇನ್ನು ಯಾಕೆ ಇದು?’

‘ಅವತ್ತು ಬಿಟ್ಟು ಬಂದಿದ್ದೆ.’

ಮೀಸೆ ಮಾವ ಕನ್ನಡಕ ಹಾಕಿಕೊಂಡು ತಾನೇ ಗಟ್ಟಿಯಾಗಿ ಓದಿದ. ಮೊದಲ ತೀರ್ಪು ಮುಗಿಯುವಷ್ಟರಲ್ಲಿ ಅವನಿಗೂ ಕುರ್ಚಿಯಲ್ಲಿದ್ದ ಗಿರಾಕಿಗೂ ಜಗಳ ಹತ್ತಿತು. ಒಪ್ಪಿಗೆ ಕೇಳದೆ ಯಾರೂ ಯಾರನ್ನೂ ಮುಟ್ಟಬಾರದು ಎಂದು ಗಿರಾಕಿ, ಹಾಗಾದರೆ ನಿನ್ನ ತಲೆಯನ್ನು ಇವನು ಹೇಗೆ ಮುಟ್ಟಿದ ಎಂದು ಮೀಸೆ ಮಾವ. ಸಿಸ್ಟರ್ ಇಬ್ಬರನ್ನೂ ಸುಮ್ಮನಿರಿಸಿ ಐದು ಉತ್ತರ ಗುರುತು ಮಾಡಿದಳು. ಯಾರೂ ಗಡಿಯಾರ ನೋಡಲಿಲ್ಲ.

ನಾದಿನಿ ಸರಿಯುತ್ತರಗಳ ಹಾಳೆ ಹಿಡಿದು ತಾಳೆ ನೋಡಿದಳು. ಎರಡು ಸರಿ, ಮೂರು ತಪ್ಪು.

‘ಇದನ್ನ ಅಲ್ಲೇ ಮಾಡಿದ್ರೆ ಒಂದೂಕಾಲು ಅಂಕ ಬರ್ತಿತ್ತು. ಆ ಹೊತ್ತಲ್ಲಿ ನೀವು ಆಚೆ ಮಾಡಿದ್ದು ಒಂಬತ್ತು ಪ್ರಶ್ನೆ. ಅದರಲ್ಲಿ ಎಂಟು ಸರಿ.’

‘ಮೂರು ಯಾಕೆ ತಪ್ಪು?’ ಎಂದಳು ಸಿಸ್ಟರ್.

‘ನರ್ಸ್ ಕಡೆ ವಾದ ಮಾಡಿದೀರಿ. ಕಾಗದದಲ್ಲಿ ಇಲ್ಲದ್ದೆಲ್ಲ ನೀವೇ ಸೇರಿಸಿಕೊಂಡಿದೀರಿ.’

‘ಕಾಗದದಲ್ಲಿ ಇಲ್ಲ ಅಂದ್ರೆ?’

‘ಅವಳನ್ನ ಯಾರೂ ಕೇಳಿಲ್ಲ. ಕೇಳಿದ್ರೆ ತಾನೇ ಕಾಗದಕ್ಕೆ ಬರೋದು? ಅದನ್ನ ಕೇಳಿ ಬರೆಸೋದು ಹೇಗೆ ಅಂತ ಇನ್ನು ಕಲೀತೀರಿ. ಮೂರು ವರ್ಷ ಇದೆ.’

ಸಿಸ್ಟರ್ ಪೆನ್ಸಿಲು ತೆಗೆದುಕೊಂಡು ಎರಡನೇ ತೀರ್ಪನ್ನು ಮೊದಲಿನಿಂದ ಓದತೊಡಗಿದಳು. ಗಂಡ ಚಹಾದ ಲೋಟಗಳನ್ನು ತಾನೇ ಎತ್ತಿಕೊಂಡು ಹೋಗಿ ತೊಳೆದ.